ಕರೆ ಹಲ್ಲಿನಿಂದ ಪಿಂಗಾಣಿ ನಗೆಯವರೆಗೆ



ಕಳೆದ ದೀಪಾವಳಿಯ ಗ್ರೂಪ್ ಫೋಟೋ ತಮಗೆಲ್ಲ ನೆನಪಿರಬಹುದು. ಊಟದ ಸಾಲು ಶುರುವಾಗುವ ಮುನ್ನ ಎಲ್ಲರನ್ನೂ ವೇದಿಕೆಯ ಮುಂದೆ ನಿಲ್ಲಿಸಿ, ಫೋಟೋ ತೆಗೆಯುವ ಹುಡುಗ "ಎಲ್ಲರೂ ಹಲ್ಲು ಕಾಣುವ ಹಾಗೆ ನಗಿ" ಎಂದ. ಎಲ್ಲರೂ ನಕ್ಕರು. ನಮ್ಮಿಬ್ಬರಲ್ಲಿ ಒಬ್ಬರು ಮಾತ್ರ ಎಂದಿನಂತೆ ತುಟಿ ಮುಚ್ಚಿಕೊಂಡೇ ನಕ್ಕರು.

ನಾವು ಎಂದರೆ ಗಂಡ ಹೆಂಡತಿ. ಒಬ್ಬರ ಊರು ತೀರ್ಥಹಳ್ಳಿಯ ಕಡೆ, ಇನ್ನೊಬ್ಬರದು ಪಾವಗಡ ತಾಲ್ಲೂಕು. ಯಾರು ಎಲ್ಲಿಯವರು ಎಂಬುದು ನಮ್ಮನ್ನು ಬಲ್ಲವರಿಗೆ ಗೊತ್ತು. ಮಿಕ್ಕವರಿಗೆ ಅದು ಮುಖ್ಯವಲ್ಲ. ಪಾವಗಡದವರ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಕರೆಯಿದೆ. ಚಿಕ್ಕಂದಿನಲ್ಲಿ ಶಾಲೆಯ ಮೇಷ್ಟರೊಬ್ಬರು "ಹಲ್ಲುಜ್ಜದೆ ಬರುತ್ತೀಯಾ?" ಎಂದು ಇಡೀ ತರಗತಿಯ ಎದುರು ನಿಲ್ಲಿಸಿದ್ದರಂತೆ. ಅಂದು ಮನೆಗೆ ಹೋಗಿ ಇಟ್ಟಿಗೆ ಪುಡಿಯಲ್ಲಿ ಒಸಡಿನಿಂದ ರಕ್ತ ಬರುವವರೆಗೂ ಉಜ್ಜಿದ್ದು ಇನ್ನೂ ಮರೆತಿಲ್ಲ. ಕರೆ ಹೋಗಲಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿಯೂ ಒಂದು ಜೊತೆ ತುಟಿ ಮುಚ್ಚಿಯೇ ಇದೆ.

ಈಗ ಮಗಳ ಮದುವೆ ನಿಶ್ಚಯವಾಗಿದೆ. "ನನ್ನ ಮದುವೆಯಲ್ಲಾದರೂ ಬಾಯ್ತುಂಬ ನಗಬೇಕು" ಎಂದು ಅವಳ ಹಟ. ಹಾಗಾಗಿ ದಂತವೈದ್ಯರೊಬ್ಬರ ಬಳಿ ಹೋದೆವು. ಅವರು ಕಂಪ್ಯೂಟರಿನ ಪರದೆಯ ಮೇಲೆ ಬೆಳ್ಳಗೆ ಹೊಳೆಯುವ ಹೊಸ ನಗೆಯೊಂದನ್ನು ತೋರಿಸಿ, ಮೇಲಿನ ಹತ್ತು ಹಲ್ಲುಗಳಿಗೆ ವೆನಿಯರ್ ಕೂರಿಸೋಣ, ಹಲ್ಲೊಂದಕ್ಕೆ 1,500 ಡಾಲರ್, ಇನ್ಶೂರೆನ್ಸ್ ಬರುವುದಿಲ್ಲ ಎಂದರು. "ಯೋಚಿಸಿ ಹೇಳುತ್ತೇವೆ" ಎಂದು ಮನೆಗೆ ಬಂದೆವು. ಯೋಚಿಸಲು ಕೂತವರು ಓದಲು ಕೂತೆವು. ಓದಿದ್ದನ್ನು ಒಂದು ಭಾನುವಾರ ಸ್ನೇಹಿತರ ಮನೆಯಲ್ಲಿ ಹೇಳಿದಾಗ, ನಮ್ಮ ಸಂಪಾದಕರು "ಇದನ್ನೇ ಬರೆದುಕೊಡಿ" ಎಂದು ಪಟ್ಟು ಹಿಡಿದರು.

ವೆನಿಯರ್ ಎಂಬ ಮಾತು ನಮಗೆ ಹೊಸದಲ್ಲ. ಊರಿನಲ್ಲಿ ಬಡಗಿಗಳು ಪ್ಲೈವುಡ್ಡಿನ ಮೇಲೆ ತೇಗದ ತೆಳು ಪದರ ಅಂಟಿಸಿ ಬೀರು ಮಾಡಿಕೊಡುತ್ತಾರಲ್ಲ, ಅದೇ ವಿನಿಯರ್. ಹಲ್ಲಿಗೂ ಅಷ್ಟೇ. ಅರ್ಧ ಮಿಲಿಮೀಟರ್ ಆಸುಪಾಸಿನ ಪಿಂಗಾಣಿಯ ತೆಳು ಬಿಲ್ಲೆಯನ್ನು ಹಲ್ಲಿನ ಮುಂಭಾಗಕ್ಕೆ ಅಂಟಿಸುವುದು. ಕೇಳಲು ಸುಲಭ. ಆದರೆ ಆ ಅಂಟು ಸಿಗಲು ಇನ್ನೂರು ವರ್ಷ ಹಿಡಿಯಿತು.

ಹಲ್ಲು ತೋರಿಸಿ ನಗುವ ಕಾಲ

ಬಿಳಿಯ ಹಲ್ಲೇ ಚೆಂದ ಎಂಬುದು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಲ್ಲುವ ಮಾತಲ್ಲ. ಜಪಾನಿನಲ್ಲಿ ಮದುವೆಯಾದ ಹೆಂಗಸರು ಹಲ್ಲನ್ನು ಕಪ್ಪಗೆ ಮಾಡಿಕೊಳ್ಳುವುದು ಶತಮಾನಗಳ ಕಾಲ ಮರ್ಯಾದೆಯ ಗುರುತಾಗಿತ್ತು. 1870ರಲ್ಲಿ ಅಲ್ಲಿನ ಸರ್ಕಾರ ಶ್ರೀಮಂತ ಮನೆತನಗಳಿಗೆ ಅದನ್ನು ನಿಷೇಧಿಸಿತು. 1873ರಲ್ಲಿ ಸಾಮ್ರಾಜ್ಞಿಯೇ ಬಿಳಿ ಹಲ್ಲಿನಲ್ಲಿ ಜನರೆದುರು ಕಾಣಿಸಿಕೊಂಡ ಮೇಲೆ ಪದ್ಧತಿ ಹಿಂದೆ ಸರಿಯಿತು. ನಮ್ಮ ದೇಶದಲ್ಲಿಯೂ ಮಿಸ್ಸಿ ಹಚ್ಚಿ ಹಲ್ಲು ಒಸಡುಗಳನ್ನು ಕಪ್ಪು ಮಾಡಿಕೊಳ್ಳುವುದು ಶೃಂಗಾರದ ಭಾಗವಾಗಿತ್ತು. ಇನ್ನು ಎಲೆ ಅಡಿಕೆಯ ಕೆಂಪು ಬಾಯಿಯನ್ನು ನಮ್ಮ ಅಜ್ಜಿಯರು ಯಾರೂ ಕೊಳಕು ಎಂದುಕೊಳ್ಳಲಿಲ್ಲ.

ಯುರೋಪಿನಲ್ಲೂ ದೊಡ್ಡವರು ಚಿತ್ರಕ್ಕೆ ಕೂತಾಗ ಬಾಯಿ ಮುಚ್ಚಿಯೇ ಕೂರುತ್ತಿದ್ದರು. 1787ರಲ್ಲಿ ಪ್ಯಾರಿಸ್ಸಿನ ಚಿತ್ರಕಾರ್ತಿ ವಿಜೀ ಲ ಬ್ರುನ್ ತನ್ನ ಮಗಳನ್ನು ಅಪ್ಪಿಕೊಂಡಿರುವ ಸ್ವಂತ ಚಿತ್ರವೊಂದನ್ನು ಪ್ರದರ್ಶನಕ್ಕಿಟ್ಟಳು. ಅದರಲ್ಲಿ ತುಟಿ ತುಸು ತೆರೆದು ಬಿಳಿಯ ಹಲ್ಲುಗಳು ಕಾಣುತ್ತಿದ್ದವು. ಅಷ್ಟಕ್ಕೇ ಊರೆಲ್ಲ ಟೀಕೆ! ಆದರೆ ಕಾಲ ಬದಲಾಗುತ್ತಿತ್ತು. ಅದೇ ಊರಿನಲ್ಲಿ 1728ರಲ್ಲೇ ಪಿಯರ್ ಫೋಶಾರ್ ದಂತವೈದ್ಯದ ದೊಡ್ಡ ಗ್ರಂಥ ಬರೆದು, ಹಲ್ಲು ಕೀಳುವುದು ಸಂತೆಯ ಆಟವಲ್ಲ, ಹಲ್ಲು ಉಳಿಸುವುದು ಒಂದು ವಿದ್ಯೆ ಎಂದು ತೋರಿಸಿಕೊಟ್ಟಿದ್ದ.

ಪಿಂಗಾಣಿ ಬಾಯಿಯೊಳಗೆ ಬಂದದ್ದೂ ಫ್ರಾನ್ಸಿನಲ್ಲೇ. ದುಶಾತೊ ಎಂಬ ಔಷಧ ವ್ಯಾಪಾರಿ ದಂತದ ಕಟ್ಟುಹಲ್ಲು ಹಾಕಿಕೊಂಡಿದ್ದ. ಔಷಧಗಳ ರುಚಿ ನೋಡಿ ನೋಡಿ ಆ ಹಲ್ಲಿಗೆ ಬಣ್ಣ ಹಿಡಿದು ವಾಸನೆ ಬರುತ್ತಿತ್ತು. ತನ್ನ ಅಂಗಡಿಯ ಪಿಂಗಾಣಿ ಭರಣಿಗಳಿಗೆ ಮಾತ್ರ ಯಾವ ವಾಸನೆಯೂ ಅಂಟುತ್ತಿರಲಿಲ್ಲ. ಹಾಗಿದ್ದರೆ ಹಲ್ಲನ್ನೇ ಪಿಂಗಾಣಿಯಲ್ಲಿ ಮಾಡಿಸಿದರೇನು ಎಂದು 1774ರಲ್ಲಿ ಕಾರ್ಖಾನೆಯ ಮೊರೆ ಹೊಕ್ಕ. ಕುಲುಮೆಯಲ್ಲಿ ಸುಟ್ಟಾಗ ಪಿಂಗಾಣಿ ಕುಗ್ಗುವುದರಿಂದ ಅಳತೆ ಕೂಡಲಿಲ್ಲ. ದಂತವೈದ್ಯ ಡ ಶೆಮಾಂ ಜೊತೆಗೂಡಿ ಅದನ್ನು ಸುಧಾರಿಸಿ, ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಲಂಡನ್ನಿಗೆ ಹೋಗಿ ಅಲ್ಲಿ ವ್ಯಾಪಾರಕ್ಕಿಟ್ಟ. ಇವೆಲ್ಲ ಹಲ್ಲು ಪೂರ್ತಿ ಹೋದವರಿಗೆ. ಇದ್ದ ಹಲ್ಲಿನ ಮೇಲೆ ಪಿಂಗಾಣಿ ಕೂರಿಸುವ ಕಥೆ ನಮ್ಮ ಮಿಷಿಗನ್ನಿಗೆ ಬರುತ್ತದೆ.

ಡೆಟ್ರಾಯಿಟ್ಟಿನ ಕುಲುಮೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಡೆಟ್ರಾಯಿಟ್ಟಿನಲ್ಲಿ ಚಾರ್ಲ್ಸ್ ಲ್ಯಾಂಡ್ ಎಂಬ ದಂತವೈದ್ಯರಿದ್ದರು. ಮುಂದಿನ ಹಲ್ಲಿಗೆ ಚಿನ್ನ ತುಂಬುವ ಆ ಕಾಲದಲ್ಲಿ, ತೆಳುವಾದ ಪ್ಲಾಟಿನಮ್ ಹಾಳೆಯನ್ನು ಹಲ್ಲಿನ ಆಕಾರಕ್ಕೆ ಒತ್ತಿ, ಅದರ ಮೇಲೆ ಪಿಂಗಾಣಿಯ ಹಿಟ್ಟನ್ನಿಟ್ಟು ಕುಲುಮೆಯಲ್ಲಿ ಸುಡುವ ವಿದ್ಯೆಯನ್ನು ಇವರು ರೂಢಿಸಿಕೊಂಡರು. 1903ರ ಹೊತ್ತಿಗೆ ಅವರ ಪಿಂಗಾಣಿಯ "ಜಾಕೆಟ್" ಹೆಸರು ಮಾಡಿತು. ಹಲ್ಲನ್ನು ಸುತ್ತಲೂ ಅರೆದು, ಅಂಗಿ ತೊಡಿಸಿದಂತೆ ಪಿಂಗಾಣಿ ತೊಡಿಸುವುದು ಅದರ ರೀತಿ. ಈ ಲ್ಯಾಂಡ್ ಅವರ ಮೊಮ್ಮಗನೇ 1927ರಲ್ಲಿ ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್. ಡೆಟ್ರಾಯಿಟ್ಟಿನಲ್ಲೇ ಹುಟ್ಟಿದ ಆ ಹುಡುಗ ತಾತನ ಪ್ರಯೋಗಶಾಲೆಯಲ್ಲಿ ಆಡಿ ಬೆಳೆದವನು. ಇಷ್ಟು ವರ್ಷ ಈ ಊರಿನಲ್ಲಿದ್ದೂ ಈ ಸಂಗತಿ ನಮಗೆ ಗೊತ್ತಿರಲಿಲ್ಲ.

ಜಾಕೆಟ್ ನೋಡಲು ಚೆಂದ, ಆದರೆ ಒಂದು ದೋಷವಿತ್ತು. ಅದನ್ನು ಕೂರಿಸಲು ಹಲ್ಲಿನ ಬಹುಭಾಗ ಅರೆಯಲೇಬೇಕು. ಆಗಿನ ಸಿಮೆಂಟು ಹಲ್ಲಿಗೆ ನಿಜವಾಗಿ ಅಂಟುತ್ತಿರಲಿಲ್ಲ, ಬರೀ ಸಂದು ತುಂಬುತ್ತಿತ್ತು. ಟೋಪಿ ತಲೆಯ ಮೇಲೆ ಬಿಗಿಯಾಗಿ ನಿಲ್ಲುವಂತೆ ಜಾಕೆಟ್ ಹಲ್ಲಿನ ಮೇಲೆ ನಿಲ್ಲಬೇಕಿತ್ತು. ಮುಂಭಾಗಕ್ಕೆ ಮಾತ್ರ ಒಂದು ಬಿಲ್ಲೆ ಅಂಟಿಸುತ್ತೇನೆಂದರೆ ಅದು ನಿಲ್ಲುವ ಬಗೆ ಹೇಗೆ?

ಹಾಲಿವುಡ್ಡಿನ ಅಂಟುಪುಡಿ

1927ರಲ್ಲಿ ಮಾತಿನ ಚಿತ್ರ ಬಂತು. ಕ್ಯಾಮೆರಾ ನಟನಟಿಯರ ಬಾಯಿಗೆ ಹತ್ತಿರ ಬಂತು. ಸೊಟ್ಟ ಹಲ್ಲು, ಸಂದಿಯ ಹಲ್ಲು, ಬಣ್ಣಗೆಟ್ಟ ಹಲ್ಲು ಆಳೆತ್ತರದ ಪರದೆಯ ಮೇಲೆ ಕಾಣತೊಡಗಿದವು. ಆಗ ಸಿನಿಮಾ ಸ್ಟುಡಿಯೋಗಳ ನೆರವಿಗೆ ಬಂದವರು ಕ್ಯಾಲಿಫೋರ್ನಿಯದ ದಂತವೈದ್ಯ ಚಾರ್ಲ್ಸ್ ಪಿಂಕಸ್. ಅವರು ಪಿಂಗಾಣಿಯ ತೆಳು ಮುಖವಾಡಗಳನ್ನು ಮಾಡಿ, ಕಟ್ಟುಹಲ್ಲಿಗೆ ಹಾಕುವ ಅಂಟುಪುಡಿಯಿಂದ ನಟರ ಹಲ್ಲಿಗೆ ಹತ್ತಿಸುತ್ತಿದ್ದರು. ಪುಟ್ಟ ಶರ್ಲಿ ಟೆಂಪಲ್ ಚಿತ್ರಗಳ ಮೇಲೆ ಚಿತ್ರಗಳಲ್ಲಿ ನಟಿಸುತ್ತಿದ್ದಾಗ ಹಾಲುಹಲ್ಲು ಬೀಳುವ ವಯಸ್ಸು. ಒಂದು ದೃಶ್ಯದಲ್ಲಿ ಹಲ್ಲು ಇದ್ದು, ಮುಂದಿನ ದೃಶ್ಯದಲ್ಲಿ ಇಲ್ಲದಿದ್ದರೆ ನೋಡುವವರು ಏನೆಂದುಕೊಂಡಾರು? ಅವಳ ಬಾಯಿಗೂ ಪಿಂಕಸ್ ಪುಟ್ಟ ಪುಟ್ಟ ಹಲ್ಲುಗಳನ್ನು ಮಾಡಿಕೊಟ್ಟರು.

ಆದರೆ ಅದು ಬಣ್ಣ ಹಚ್ಚಿದಷ್ಟೇ ಹೊತ್ತಿನ ಚೆಂದ. ಅಂಟುಪುಡಿ ಕೆಲವು ಗಂಟೆ ಹಿಡಿಯುತ್ತಿತ್ತು, ಊಟಕ್ಕೆ ಮೊದಲು ತೆಗೆದಿಡಬೇಕಿತ್ತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯಂತೆ, ನಗಲು ಬರುವ ಹಲ್ಲಿನಲ್ಲಿ ತಿನ್ನಲು ಬರುತ್ತಿರಲಿಲ್ಲ! ಒಂದು ಒಳ್ಳೆಯ ಗುಣವೂ ಇತ್ತು. ಸಂಜೆ ಕಳಚಿಟ್ಟರೆ ಕೆಳಗೆ ಸ್ವಂತ ಹಲ್ಲು ಹಾಗೇ ಇರುತ್ತಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಂಟು ಸಿಕ್ಕಿದ ಬಗೆ

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಎಂದರೆ ಕೊಡಕ್ ಕ್ಯಾಮೆರಾದ ಊರು. ಕೊಡಕ್ಕಿನ ಜಾರ್ಜ್ ಈಸ್ಟ್‌ಮನ್ ಜನರು ನಗುವ ಫೋಟೋಗಳಿಂದ ಗಳಿಸಿದ ಹಣದಲ್ಲಿ ಒಂದಿಷ್ಟನ್ನು ಕೊಟ್ಟು ಅಲ್ಲಿ ಮಕ್ಕಳಿಗಾಗಿ ಒಂದು ದಂತ ಚಿಕಿತ್ಸಾಲಯ ಕಟ್ಟಿಸಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದ ಮೈಕೆಲ್ ಬುವೊನೊಕೋರ್ ಅವರಿಗೆ ಒಂದು ವಿಚಾರ ಹೊಳೆಯಿತು. ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಸವರುತ್ತಾರೆ. ಹಲ್ಲಿಗೂ ಸವರಿದರೆ? 1955ರಲ್ಲಿ ಅವರು ಪ್ರಯೋಗದ ಫಲ ಪ್ರಕಟಿಸಿದರು. ಆಮ್ಲ ತಾಗಿದಾಗ ಹಲ್ಲಿನ ಹೊರಕವಚವಾದ ಎನಾಮಲ್ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ತರಿತರಿಯಾಗುತ್ತದೆ. ಆ ಸಂದುಗಳಿಗೆ ದ್ರವರೂಪದ ರಾಳ ಇಳಿದು ಗಟ್ಟಿಯಾದರೆ ಬೇರು ಬಿಟ್ಟಂತೆ ಕಚ್ಚಿಕೊಳ್ಳುತ್ತದೆ. ನಮ್ಮ ಕಡೆ ಗಾರೆ ಹಿಡಿಯಲೆಂದು ಗೋಡೆಗೆ ಕಚ್ಚು ಹಾಕುವುದಿಲ್ಲವೇ, ಅದೇ ಯುಕ್ತಿ.

1962ರಲ್ಲಿ ರಾಫೆಲ್ ಬೋವೆನ್ ಅದಕ್ಕೆ ತಕ್ಕ ಗಟ್ಟಿ ರಾಳವೊಂದಕ್ಕೆ ಪೇಟೆಂಟ್ ಪಡೆದರು. ಹಲ್ಲಿನ ಬಣ್ಣದ ಇಂದಿನ ಫಿಲ್ಲಿಂಗುಗಳೆಲ್ಲ ಅದರ ಸಂತಾನ. 1970ರ ದಶಕದಲ್ಲಿ ಪ್ಲಾಸ್ಟಿಕ್ಕಿನ ವೆನಿಯರುಗಳು ಬಂದವು, ಆದರೆ ಬೇಗ ಬಣ್ಣ ಕೆಟ್ಟು ಎದ್ದುಬಂದವು. ಪಿಂಗಾಣಿಗೆ ಬಣ್ಣ ಹಿಡಿಯದು, ಆದರೆ ಗಾಜಿನಂತೆ ನುಣುಪಾದ ಅದಕ್ಕೆ ಅಂಟೂ ಹಿಡಿಯದು. ಕೊನೆಗೆ 1983ರಲ್ಲಿ ಸೈಮನ್ಸನ್ ಮತ್ತು ಕಲಾಮಿಯ ಎಂಬ ಇಬ್ಬರು ಪಿಂಗಾಣಿಯ ಬೆನ್ನನ್ನೂ ಆಮ್ಲದಿಂದ ತರಿ ಮಾಡಬಹುದೆಂದು ತೋರಿಸಿದರು. ಗಾಜನ್ನೂ ಕೊರೆಯುವ ಹೈಡ್ರೋಫ್ಲೋರಿಕ್ ಆಮ್ಲ ಅದು. ಈ ಕಡೆ ಎನಾಮಲ್ ತರಿ, ಆ ಕಡೆ ಪಿಂಗಾಣಿ ತರಿ, ನಡುವೆ ರಾಳ. ಹಾಲಿವುಡ್ಡಿನ ಕೆಲವು ಗಂಟೆಯ ಮುಖವಾಡ ಹತ್ತು ಹದಿನೈದು ವರ್ಷ ನಿಲ್ಲುವ ಹಲ್ಲಾದದ್ದು ಹೀಗೆ.

ಕೊಲರಾಡೊದ ಕರೆ, ಪಾವಗಡದ ಕರೆ

ಹೈಡ್ರೋಫ್ಲೋರಿಕ್ ಎಂಬ ಹೆಸರಿನೊಳಗೆ ಫ್ಲೋರಿನ್ ಇದೆ. ಅದನ್ನು ಓದಿದಾಗ ನಮ್ಮಲ್ಲೊಬ್ಬರು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಏಕೆಂದರೆ ಆ ಕಂದು ಕರೆಯ ಮೂಲವೂ ಅದೇ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರು ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳೆಲ್ಲ ಕಂದು! ಊರಿನವರು ಹಂದಿಮಾಂಸ, ಕೆಟ್ಟ ಹಾಲು ಎಂದು ಏನೇನೋ ಕಾರಣ ಹೇಳುತ್ತಿದ್ದರು. ಮೆಕೇ ಬಿಡಲಿಲ್ಲ. 1909ರಲ್ಲಿ ಅಮೆರಿಕದ ದೊಡ್ಡ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಅವರನ್ನೂ ಕರೆತಂದರು. ಇಬ್ಬರೂ ಸೇರಿ ಕಂಡುಕೊಂಡ ಮುಖ್ಯ ಸಂಗತಿ ಎಂದರೆ, ಬಲಿತ ಹಲ್ಲಿನೊಂದಿಗೆ ಆ ಊರಿಗೆ ಬಂದ ದೊಡ್ಡವರಿಗೆ ಕರೆ ಹತ್ತುತ್ತಿರಲಿಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳವೆಯಲ್ಲಿ ಆ ನೀರು ಕುಡಿದವರಿಗೆ ಮಾತ್ರ ಹತ್ತುತ್ತಿತ್ತು. ಅಂದರೆ ಇದು ಹೊರಗಿನಿಂದ ಮೆತ್ತಿದ ಕೊಳೆಯಲ್ಲ, ಒಳಗಿನ ನೇಯ್ಗೆಯಲ್ಲೇ ಆದ ಬದಲಾವಣೆ. ಇನ್ನೊಂದು ಸೋಜಿಗವೆಂದರೆ, ಆ ಕರೆ ಹಲ್ಲುಗಳಿಗೆ ಹುಳುಕು ಕಡಿಮೆ. ಕಾರಣ ತಿಳಿಯಲು 1931 ಆಗಬೇಕಾಯಿತು. ಆರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಊರಿನ ನೀರನ್ನು ಆಲ್ಕೋವಾ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್ ಪರೀಕ್ಷಿಸಿದಾಗ, ಅದರಲ್ಲಿ ವಿಪರೀತ ಫ್ಲೋರೈಡ್ ಕಂಡುಬಂತು.

ಹೆಚ್ಚಾದರೆ ಕರೆ, ಹಿತಮಿತವಾದರೆ ಹುಳುಕಿಗೆ ತಡೆ ಎಂಬ ತರ್ಕದ ಮೇಲೆ 1945ರ ಜನವರಿ 25ರಂದು ನಮ್ಮ ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ಜಗತ್ತಿನಲ್ಲೇ ಮೊದಲ ಬಾರಿಗೆ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಿತು. ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ. ಮುಂದೆ ಆ ಊರಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಳುಕು ಅರ್ಧಕ್ಕಿಂತ ಕಡಿಮೆಯಾಯಿತು.

ನಮ್ಮ ದೇಶದ ಕಥೆ ಇದರ ತದ್ವಿರುದ್ಧ. 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರಿನಲ್ಲಿ, ನೀರಿನ ಫ್ಲೋರೈಡಿನಿಂದ ಜನರ ಮೂಳೆಗಳೇ ಬಿಗಿದು ಬೆನ್ನು ಬಾಗಿದ್ದನ್ನು ವೈದ್ಯರು ವರದಿ ಮಾಡಿದರು. ಕರ್ನಾಟಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ರಾಯಚೂರು ಮೊದಲಾದ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಈ ತೊಂದರೆಯಿದೆ. ನಮ್ಮ ಬಯಲುಸೀಮೆಯ ಕಲ್ಲುಬಂಡೆಗಳಲ್ಲೇ ಫ್ಲೋರೈಡ್ ಇದೆ. ಕೆರೆಯ ನೀರು ಆಕಾಶದಿಂದ ಬಂದದ್ದು. ಬೋರ್‌ವೆಲ್ಲಿನ ನೀರು ಬಂಡೆಯ ಬಿರುಕಿನಲ್ಲಿ ವರ್ಷಾನುಗಟ್ಟಲೆ ನಿಂತು ಅದನ್ನು ಕರಗಿಸಿಕೊಂಡದ್ದು. ಕೆರೆ ಬತ್ತಿತು, ಬೋರ್ ಆಳಕ್ಕೆ ಹೋಯಿತು, ಮಕ್ಕಳ ಹಲ್ಲಿಗೆ ಕರೆ ಬಂತು. ಆ ಮೇಷ್ಟರಿಗೆ ಇದು ತಿಳಿದಿರಲಿಲ್ಲ. ಅವರ ಹಲ್ಲೂ ಹಾಗೇ ಇತ್ತಂತೆ, ಅದನ್ನು ಅವರು ಬೀಡಿಯ ಕರೆ ಎಂದುಕೊಂಡಿದ್ದರೋ ಏನೋ!

ನಾವು ಮಾಡಿದ ತೀರ್ಮಾನ

ಇಷ್ಟೆಲ್ಲ ಓದಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ವೆನಿಯರಿನ ಇಡೀ ಚರಿತ್ರೆ ಎನಾಮಲಿನ ಮೇಲೆ ನಿಂತಿದೆ. ಅಂಟು ಚೆನ್ನಾಗಿ ಕಚ್ಚುವುದು ಎನಾಮಲಿಗೆ. ಅದರ ಕೆಳಗಿನ ಡೆಂಟಿನ್ನಿಗೆ ಅಷ್ಟು ನೆಚ್ಚಿಕೆಯಿಂದ ಕಚ್ಚುವುದಿಲ್ಲ. ಆದರೆ ಬಿಲ್ಲೆ ಕೂರಿಸಲು ಸಾಮಾನ್ಯವಾಗಿ ಅದೇ ಎನಾಮಲನ್ನು ಸ್ವಲ್ಪ ಅರೆಯುತ್ತಾರೆ. ಮುಂದಿನ ಹಲ್ಲಿನ ಬುಡದಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಹೋದ ಎನಾಮಲ್ ಮತ್ತೆ ಬೆಳೆಯದು. ಶರ್ಲಿ ಟೆಂಪಲ್ ಸಂಜೆ ಹಲ್ಲು ಕಳಚಿಟ್ಟು ಮನೆಗೆ ಹೋಗಬಹುದಿತ್ತು, ನಾವು ಹೋಗಲಾರೆವು. ಒಮ್ಮೆ ಅರೆದರೆ ಜೀವಮಾನವಿಡೀ ಆ ಹಲ್ಲಿಗೆ ಹೊದಿಕೆ ಬೇಕು, ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸಲೂ ಬೇಕಾದೀತು. ಇತ್ತೀಚಿನ ವರ್ಷಗಳಲ್ಲಿ ಅಗ್ಗವೆಂದು ಟರ್ಕಿಗೆ ಹೋಗಿ ಹಲ್ಲು ಮಾಡಿಸಿಕೊಂಡು ಬರುವ ಬ್ರಿಟಿಷ್ ತರುಣರನ್ನು ಕುರಿತು ಪತ್ರಿಕೆಗಳಲ್ಲಿ ಓದುತ್ತೇವೆ. ಕೆಲವರಿಗೆ ವೆನಿಯರ್ ಎಂದು ಹೇಳಿ, ಗಟ್ಟಿಮುಟ್ಟಾದ ಹಲ್ಲುಗಳನ್ನು ಮೊಳೆಯಂತೆ ಸುತ್ತಲೂ ಅರೆದು ಕ್ರೌನ್ ತೊಡಿಸಿ ಕಳಿಸಿದ ಪ್ರಸಂಗಗಳಿವೆ. ಅದು 1903ರ ಜಾಕೆಟ್ಟಿಗೆ ವಾಪಸು ಹೋದಂತೆ.

ನಾವು ಇನ್ನೊಬ್ಬ ದಂತವೈದ್ಯರನ್ನು ಕಂಡೆವು. ಅವರು ಮೊದಲು ಕೇಳಿದ ಪ್ರಶ್ನೆ, "ನಿಮ್ಮ ಬಾಲ್ಯ ಯಾವ ಊರಿನಲ್ಲಿ ಕಳೆಯಿತು?" ಐವತ್ತು ವರ್ಷಗಳಲ್ಲಿ ಹಲ್ಲು ನೋಡಿ ಉಜ್ಜುವುದರ ಬಗ್ಗೆ ಕೇಳದೆ ಊರಿನ ಬಗ್ಗೆ ಕೇಳಿದವರು ಅವರೊಬ್ಬರೇ. ಕಣ್ಣಲ್ಲಿ ನೀರು ಬಂತು ಎಂದರೆ ತಾವು ನಗಬಾರದು. ಅವರು ಹೇಳಿದ್ದು ಹೀಗೆ: ಕರೆ ಮೇಲ್ಪದರದಲ್ಲಿದ್ದರೆ ಆಮ್ಲ ಬೆರೆತ ನುಣ್ಣನೆಯ ಪುಡಿಯಿಂದ ಕೂದಲೆಳೆಯಷ್ಟು ಮಾತ್ರ ಉಜ್ಜಿ ತೆಗೆಯಬಹುದು. ಇದು 1986ರಿಂದ ಪ್ರಚಾರಕ್ಕೆ ಬಂದ ಕ್ರಮ. ಆಮೇಲೆ ರಾತ್ರಿ ಹೊತ್ತು ಹಲ್ಲಿಗೆ ಅಚ್ಚು ತೊಟ್ಟು ಬಿಳುಪು ಮಾಡುವ ಮದ್ದು ಹಚ್ಚಿಕೊಳ್ಳಬಹುದು. ಇದು 1989ರಿಂದ ಬಂದದ್ದು. ಅದರಿಂದಲೂ ಹೋಗದಿದ್ದರೆ, ಉಳಿದ ಹಲ್ಲಿಗಷ್ಟೇ ವೆನಿಯರ್. ಮೊದಲು ಕಡಿಮೆ ಕಳೆಯುವುದನ್ನು ಮಾಡಿ, ಹೆಚ್ಚು ಕಳೆಯುವುದನ್ನು ಕೊನೆಗೆ ಇಟ್ಟುಕೊಳ್ಳಿ ಎಂದರು.

ಹಾಗೆಯೇ ಮಾಡಿದೆವು. ಮೂರು ತಿಂಗಳಲ್ಲಿ ಕರೆಯ ಬಹುಭಾಗ ತಿಳಿಯಾಯಿತು. ನಡುವಿನ ಎರಡು ಹಲ್ಲುಗಳಲ್ಲಿ ಗುಳಿ ಬಿದ್ದಿದ್ದರಿಂದ ಅವೆರಡಕ್ಕೆ ಮಾತ್ರ ಪಿಂಗಾಣಿ ಕೂರಿಸಿದ್ದಾಯಿತು. ಬಣ್ಣ ಆರಿಸುವಾಗ ಮಗಳು ಎಲ್ಲಕ್ಕಿಂತ ಬಿಳಿಯದನ್ನು ತೋರಿಸಿದಳು. "ಬೇಡ, ಪಕ್ಕದ ಹಲ್ಲಿಗೆ ಹೊಂದುವುದು ಸಾಕು. ಊರಿಗೆ ಹೋದಾಗ ನಮ್ಮವರಿಗೆ ನನ್ನ ಗುರುತು ಸಿಗಬೇಕಲ್ಲ" ಎಂಬ ಉತ್ತರ ಬಂತು.

ಹತ್ತರ ಜಾಗದಲ್ಲಿ ಎರಡಾದ್ದರಿಂದ ಸ್ವಲ್ಪ ಹಣ ಉಳಿಯಿತು. ಅದರಲ್ಲಿ ಒಂದು ಪಾಲನ್ನು ಊರಿನ ಶಾಲೆಯ ಕುಡಿಯುವ ನೀರಿಗೆಂದು ತೆಗೆದಿಟ್ಟಿದ್ದೇವೆ. ತಮ್ಮಲ್ಲೂ ಬಯಲುಸೀಮೆಯ ಕಡೆಯವರು ಹಲವರಿದ್ದೀರಿ. ಈ ಬಾರಿ ಊರಿಗೆ ಫೋನ್ ಮಾಡಿದಾಗ ಮಕ್ಕಳು ಯಾವ ನೀರು ಕುಡಿಯುತ್ತಾರೆ ಎಂದು ಒಂದು ಮಾತು ಕೇಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸಬೇಕು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಶುದ್ಧೀಕರಣ ಘಟಕದ ನೀರು ಅಥವಾ ಶೇಖರಿಸಿದ ಮಳೆನೀರು ಒಳ್ಳೆಯದು. ಎಂಟು ವರ್ಷದೊಳಗಿನ ಮಕ್ಕಳಿಗಂತೂ ಇದು ಬಹಳ ಮುಖ್ಯ. ದೊಡ್ಡವರ ಹಲ್ಲಿಗೆ ಪಿಂಗಾಣಿ ಉಂಟು, ಮೂಳೆಗೆ ಇಲ್ಲ.

ಇನ್ನು ದೀಪಾವಳಿಯ ಆ ಗ್ರೂಪ್ ಫೋಟೋ. ಕಳೆದ ಸಂಚಿಕೆಯಲ್ಲಿ ಸಂಪಾದಕರು ಅದನ್ನು ಜೆರಾಕ್ಸ್ ಮಾಡಿ ಹಾಕಿದ್ದರಲ್ಲ, ತೆಗೆದು ನೋಡಿ. ಅದರಲ್ಲಿ ನಮ್ಮೆಲ್ಲರ ಹಲ್ಲೂ ಒಂದೇ ಬಿಳುಪು! ಮುಂದಿನ ಯುಗಾದಿಯ ಫೋಟೋದಲ್ಲಿ ನಮ್ಮಿಬ್ಬರ ಹಲ್ಲೂ ಕಾಣುವುದು ಖಂಡಿತ. ಮಗಳ ಮದುವೆಯ ಆಮಂತ್ರಣ ಬೇರೆಯಾಗಿ ತಲುಪುತ್ತದೆ. ಎಲ್ಲರೂ ಬನ್ನಿ, ಬಾಯ್ತುಂಬ ನಗೋಣ.